ಬಕೆಟ್ಟಿನಲ್ಲಿ ಕನ್ನಂಬಾಡಿ: ಮನೆಗೆಲಸವನ್ನು ಮಕ್ಕಳ ಆಟವಾಗಿಸುವ ಬಗೆ

ನನ್ನ ಹೆಂಡತಿಗೆ ಮಂಡ್ಯದಲ್ಲಿ ಕೆಲಸ. ಬೆಳಿಗ್ಗೆ ರೈಲು ಹಿಡಿಯಲು ಅವಳು ಮೈಸೂರಿನ ಮನೆ ಬಿಟ್ಟಳೆಂದರೆ, ನಾಲ್ಕೂವರೆ ವರ್ಷದ ಮಗಳನ್ನೂ ಎರಡು ವರ್ಷದ ಮಗನನ್ನೂ ಎಬ್ಬಿಸಿ, ಸ್ನಾನ ಮಾಡಿಸಿ, ತಿಂಡಿ ಕೊಟ್ಟು, ಮಗಳನ್ನು ಶಾಲೆಗೆ ಬಿಡುವ ಹೊಣೆ ನನ್ನದು. ಮೊದಲ ಕೆಲವು ತಿಂಗಳು ನಮ್ಮ ಬಚ್ಚಲುಮನೆಯಿಂದ ಹೊರಡುತ್ತಿದ್ದ ಕಿರುಚಾಟ ಕೇಳಿ ಪಕ್ಕದ ಮನೆಯ ಅಜ್ಜಿ ಎರಡು ಸಲ ಬಾಗಿಲು ತಟ್ಟಿದ್ದರು. ಮಗುವಿಗೆ ಹೊಡೆಯುತ್ತಿದ್ದೇನೆಂದು ಅವರಿಗೆ ಅನುಮಾನ. ನಾನು ತಲೆಗೆ ನೀರು ಹಾಕುತ್ತಿದ್ದೆ, ಅಷ್ಟೆ.

ಒಂದು ಜುಲೈ ಬೆಳಿಗ್ಗೆ ಪತ್ರಿಕೆಯಲ್ಲಿ ಕನ್ನಂಬಾಡಿ ಕಟ್ಟೆಯ ಚಿತ್ರ ಬಂದಿತ್ತು. ಮಳೆಗಾಲದಲ್ಲಿ ಮೈಸೂರು, ಮಂಡ್ಯದವರಿಗೆ ಕಟ್ಟೆಯ ನೀರಿನ ಮಟ್ಟ ನೋಡದೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. "ಇದೇನಪ್ಪ?" ಎಂದು ಮಗಳು ಕೇಳಿದಳು. ಕುಳಿತು ವಿವರಿಸುವಷ್ಟು ಹೊತ್ತಿರಲಿಲ್ಲ. "ಬಾ, ತೋರಿಸುತ್ತೇನೆ" ಎಂದು ಬಚ್ಚಲಿಗೆ ಕರೆದೊಯ್ದೆ. ಖಾಲಿ ಬಕೆಟ್ಟಿನ ಒಳಬದಿಯಲ್ಲಿ, ಅಂಚಿಗಿಂತ ನಾಲ್ಕು ಬೆರಳು ಕೆಳಗೆ, ಅಳಿಸಿಹೋಗದ ಪೆನ್ನಿನಿಂದ ಗೆರೆ ಎಳೆದು 124 ಎಂದು ಬರೆದೆ. ನಲ್ಲಿ ತಿರುಗಿಸಿ, "ಕೊಡಗಿನಲ್ಲಿ ಮಳೆ ಶುರುವಾಯಿತು" ಎಂದೆ.

ಅವಳು ಬಕೆಟ್ಟಿನ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತಳು. ನೀರು ಗೆರೆ ಮುಟ್ಟುವವರೆಗೆ ಅಲ್ಲಿಂದ ಏಳಲಿಲ್ಲ. ಕಟ್ಟೆ ತುಂಬಿದರೆ ಮುಖ್ಯಮಂತ್ರಿ ಬಂದು ಕಾವೇರಿಗೆ ಬಾಗಿನ ಅರ್ಪಿಸುತ್ತಾರೆ ಎಂದಾಗ, ದೇವರ ಮನೆಗೆ ಓಡಿ ಒಂದು ದಾಸವಾಳ ತಂದು ನೀರಿನ ಮೇಲೆ ಬಿಟ್ಟಳು. "ಇನ್ನು ಗೇಟು ತೆರೆಯದಿದ್ದರೆ ಕಟ್ಟೆಗೆ ಕಷ್ಟ" ಎಂದೆ. ಚೊಂಬು ತೆಗೆದುಕೊಂಡು ತನ್ನ ತಲೆಯ ಮೇಲೆ ತಾನೇ ಸುರಿದುಕೊಂಡಳು.

ಆ ದಿನ ಅಜ್ಜಿ ಬಾಗಿಲು ತಟ್ಟಲಿಲ್ಲ. ಅಂದಿನಿಂದ ಬೇರೆ ಬೇರೆ ಕೆಲಸಗಳಲ್ಲಿ ಇದನ್ನು ಮಾಡಿ ನೋಡಿ, ಅರ್ಧದಷ್ಟು ಸಲ ಸೋತು ಕಲಿತದ್ದನ್ನು ಇಲ್ಲಿ ಹೆಜ್ಜೆಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಜಗಳ ಎಲ್ಲಿ ಹುಟ್ಟುತ್ತದೆ ನೋಡಿ

ಎರಡು ದಿನ ಏನನ್ನೂ ಬದಲಿಸಬೇಡಿ. ಯಾವ ಕೆಲಸದ ಹೊತ್ತಿಗೆ ನಿಮ್ಮ ದನಿ ಏರುತ್ತದೆ ಎಂದು ಮಾತ್ರ ಗಮನಿಸಿ. ನಮ್ಮ ಮನೆಯಲ್ಲಿ ಮೂರು ಜಾಗಗಳು ಸಿಕ್ಕವು: ಸ್ನಾನ, ಮನೆಯಿಂದ ಹೊರಡುವುದು, ರಾತ್ರಿ ಆಟದ ಸಾಮಾನು ಎತ್ತಿಡುವುದು. ಮೂರನ್ನೂ ಒಟ್ಟಿಗೆ ಹಿಡಿಯಲು ಹೋಗಿ ನಾನು ಒಂದೇ ವಾರದಲ್ಲಿ ಸುಸ್ತಾದೆ. ಒಂದನ್ನು ಆರಿಸಿಕೊಳ್ಳಿ. ದಿನವೂ ಬರುವ, ಶುರುವೂ ಕೊನೆಯೂ ಕಣ್ಣಿಗೆ ಕಾಣುವ ಕೆಲಸವಾದರೆ ಒಳ್ಳೆಯದು. ಬಕೆಟ್ಟು ತುಂಬುವುದು, ಬುಟ್ಟಿ ಖಾಲಿಯಾಗುವುದು, ಮೆಟ್ಟಿಲು ಮುಗಿಯುವುದು ಮಗುವಿಗೆ ಕಾಣುತ್ತದೆ. "ಬೇಗ ರೆಡಿಯಾಗು" ಎಂಬ ಮಾತಿನಲ್ಲಿ ಅದಕ್ಕೆ ಏನೂ ಕಾಣುವುದಿಲ್ಲ.

ಎರಡನೆಯ ಹೆಜ್ಜೆ: ಕಥೆಯನ್ನು ಕೆಲಸದೊಳಗೇ ಹುಡುಕಿ

ನಾನು ಹೆಚ್ಚು ಎಡವಿದ್ದು ಇಲ್ಲಿ. ಸ್ನಾನದ ಆಟ ಗೆದ್ದ ಹುಮ್ಮಸ್ಸಿನಲ್ಲಿ, ಬಟ್ಟೆ ಹಾಕಿಸುವಾಗ ರಾಜಕುಮಾರಿ, ಮಾಯಾಚಾಪೆ, ಏಳು ಸಮುದ್ರದ ದೊಡ್ಡ ಕಥೆ ಕಟ್ಟಿದೆ. ಮಗಳು ಬಾಯಿ ತೆರೆದು ಕೇಳಿದಳು. ಕೈ ಮಾತ್ರ ತೋಳಿನೊಳಗೆ ಹೋಗಲಿಲ್ಲ. ಕಥೆ ಒಂದು ಕಡೆ, ಅಂಗಿ ಇನ್ನೊಂದು ಕಡೆ. ಕಥೆ ಮುಗಿದ ಮೇಲೂ ಅಂಗಿ ಹಾಕುವುದು ಹಾಗೆಯೇ ಉಳಿದಿತ್ತು, ಗಂಟೆ ಎಂಟೂಕಾಲು.

ಬಕೆಟ್ಟಿನಲ್ಲಿ ಹಾಗಾಗಿರಲಿಲ್ಲ. ಅಲ್ಲಿ ನೀರು ಹೇಗೂ ತುಂಬಲೇಬೇಕಿತ್ತು, ಹೇಗೂ ಸುರಿಯಲೇಬೇಕಿತ್ತು. ಕಥೆ ಮುಂದೆ ಹೋಗಬೇಕಾದರೆ ಸ್ನಾನವೇ ಮುಂದೆ ಹೋಗಬೇಕಿತ್ತು. ಹಾಗಾಗಿ ಈಗ ಯಾವುದೇ ಕೆಲಸದ ಮುಂದೆ ನಿಂತು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದರಲ್ಲಿ ಏನು ತುಂಬುತ್ತದೆ ಅಥವಾ ಖಾಲಿಯಾಗುತ್ತದೆ? ಏನು ಎಲ್ಲಿಂದ ಎಲ್ಲಿಗೆ ಹೋಗುತ್ತದೆ? ಯಾರು ಅಲ್ಲಾಡದೆ ಇರಬೇಕು? ಉತ್ತರ ಸಿಕ್ಕ ಮೇಲೆ, ಅದನ್ನು ಹೋಲುವ ಯಾವುದನ್ನು ಮಗು ಕಣ್ಣಾರೆ ನೋಡಿದೆ ಎಂದು ಯೋಚಿಸಿ. ಅಂಗಿಯ ತೋಳು ಸುರಂಗ, ಕೈ ರೈಲು. ಅಮ್ಮನನ್ನು ಬಿಡಲು ನಿಲ್ದಾಣಕ್ಕೆ ಹೋಗುವ ಮಗುವಿಗೆ ಇಷ್ಟು ಸಾಕು. ಬೆರಳುಗಳು ಆ ಕಡೆಯಿಂದ ಹೊರಬಂದಾಗ ಯಾವ ಊರು ಬಂತೆಂದು ಅವಳೇ ಹೇಳುತ್ತಾಳೆ. ಎಡತೋಳು ಪಾಂಡವಪುರ, ಬಲತೋಳು ಮಂಡ್ಯ.

"ಅಲ್ಲಾಡದೆ ಇರಬೇಕು" ಎಂಬುದು ಎಲ್ಲಕ್ಕಿಂತ ಕಷ್ಟದ್ದು. ತಲೆ ಬಾಚುವಾಗ, ಉಗುರು ಕತ್ತರಿಸುವಾಗ ಮಗು ಒಂದು ನಿಮಿಷ ಕದಲದೆ ಕೂರಬೇಕು. "ಸುಮ್ಮನೆ ಕೂತ್ಕೋ" ಎಂದು ಎಷ್ಟು ಗದರಿದರೂ ಆಗದ್ದು, ನಂದಿಯಿಂದ ಆಯಿತು. ಚಾಮುಂಡಿ ಬೆಟ್ಟದ ಮೆಟ್ಟಿಲ ದಾರಿಯಲ್ಲಿ ಸಿಗುವ ಆ ಒಂದೇ ಕಲ್ಲಿನ ನಂದಿಯನ್ನು ಮಗಳು ನೋಡಿದ್ದಳು. ಹದಿನೇಳನೆಯ ಶತಮಾನದಲ್ಲಿ ದೊಡ್ಡದೇವರಾಜ ಒಡೆಯರ ಕಾಲದಲ್ಲಿ ಕೆತ್ತಿದ್ದು. ಬಿಸಿಲು, ಮಳೆ, ನಮ್ಮಂಥವರ ಫೋಟೊ ಹುಚ್ಚು ಎಲ್ಲಕ್ಕೂ ಜಗ್ಗದೆ ಕುಳಿತಿದೆ. ನಂದಿಗೆ ಅಭಿಷೇಕ ಮಾಡುವಾಗ ಅದು ಅಲ್ಲಾಡುವುದೇ? ಇಲ್ಲ. ತಲೆಗೆ ಎಣ್ಣೆ ಹಚ್ಚುವುದು ಅಭಿಷೇಕ, ಬಾಚಣಿಗೆ ಆಡುವುದು ಅರ್ಚಕರ ಕೆಲಸ, ಕೊನೆಗೆ ರಿಬ್ಬನ್ ಕಟ್ಟುವುದು ಹೂವಿನ ಅಲಂಕಾರ. ಮುಖ ಗಂಭೀರ ಮಾಡಿಕೊಂಡು, ಮೂಗನ್ನು ಸ್ವಲ್ಪ ಉಬ್ಬಿಸಿಕೊಂಡು ಕೂರುತ್ತಾಳೆ. ಸಿಕ್ಕು ಬಿಡಿಸುವಾಗ ನೋವಾದರೆ ನಂದಿ "ಅಂಬಾ" ಎನ್ನಬಹುದು, ಆದರೆ ಏಳುವಂತಿಲ್ಲ. ಈ ಕಾನೂನನ್ನು ಮಾಡಿದವಳು ಅವಳೇ.

ಇದರ ಹಿಂದಿನ ಗುಟ್ಟನ್ನು ರಷ್ಯದ ಮನೋವಿಜ್ಞಾನಿ ವೈಗೋಟ್‌ಸ್ಕಿ 1933ರಲ್ಲಿ ಮಕ್ಕಳ ಆಟದ ಕುರಿತು ಮಾಡಿದ ಉಪನ್ಯಾಸದಲ್ಲಿ ಬಿಡಿಸಿಟ್ಟಿದ್ದಾನೆ. ಕಲ್ಪನೆಯ ಆಟವೆಂದರೆ ಮನಸ್ಸಿಗೆ ಬಂದಂತೆ ಕುಣಿಯುವುದೆಂದು ನಾವು ಭಾವಿಸುತ್ತೇವೆ. ಅವನು ಹೇಳುವುದು ಅದಕ್ಕೆ ತಿರುಗುಮುರುಗು. ಪಾತ್ರ ಎಂದ ಕೂಡಲೇ ಅದರ ಜೊತೆ ನಿಯಮ ಬರುತ್ತದೆ. ಅವನು ಕೊಡುವ ಉದಾಹರಣೆ ಚೆನ್ನಾಗಿದೆ: ನಿಜವಾಗಿಯೂ ಅಕ್ಕತಂಗಿಯರಾದ ಇಬ್ಬರು ಹುಡುಗಿಯರು "ನಾವು ಅಕ್ಕತಂಗಿ ಆಟ ಆಡೋಣ" ಎಂದುಕೊಳ್ಳುತ್ತಾರೆ. ಆಟ ಶುರುವಾದೊಡನೆ ದಿನವೂ ಗಮನಿಸದೆ ಬದುಕುವ ಸಂಬಂಧ ಅವರಿಗೆ ನಿಯಮವಾಗಿ ಕಾಣುತ್ತದೆ, ಅಕ್ಕ ಅಕ್ಕನಂತೆಯೇ ನಡೆದುಕೊಳ್ಳಬೇಕಾಗುತ್ತದೆ. ನಾಲ್ಕು ವರ್ಷದ ಹುಡುಗಿಯಾಗಿ ನನ್ನ ಮಗಳಿಗೆ ಕದಲದೆ ಕೂರುವ ಕಾರಣವೇನೂ ಇಲ್ಲ. ನಂದಿಗೆ ಇದೆ.

ಮೂರನೆಯ ಹೆಜ್ಜೆ: ಮಗುವಿಗೆ ಹುದ್ದೆ ಕೊಡಿ, ನೀವು ಆನೆಯಾಗಿ

"ಅಪ್ಪನಿಗೆ ಸಹಾಯ ಮಾಡು ಪುಟ್ಟ" ಎನ್ನುವುದು ಹುದ್ದೆಯಲ್ಲ. ಅದು ಬಿಟ್ಟಿ ಚಾಕರಿ ಎಂದು ಮಕ್ಕಳಿಗೆ ಬೇಗ ತಿಳಿಯುತ್ತದೆ. ಆಜ್ಞೆ ಕೊಡುವ ಅಧಿಕಾರ ಮಗುವಿನ ಕೈಯಲ್ಲಿರಬೇಕು, ದಡ್ಡರಾಗುವ ಭಾಗ್ಯ ನಮ್ಮದಾಗಬೇಕು. ದಿನವಿಡೀ ಅವರಿವರ ಮಾತು ಕೇಳುವ ಜೀವಕ್ಕೆ ಹತ್ತು ನಿಮಿಷ ಇನ್ನೊಬ್ಬರನ್ನು ಆಳುವುದಕ್ಕಿಂತ ದೊಡ್ಡ ಉಡುಗೊರೆ ಬೇರೆ ಬೇಕೆ?

ಮನೆಯಿಂದ ಹೊರಡುವ ಹೊತ್ತಿನ ಆಟ ಹೀಗಿದೆ. ಮಗಳು ಮಾವುತ, ಚಿಕ್ಕವನು ಕಾವಾಡಿ, ಅಂದರೆ ಮಾವುತನ ಸಹಾಯಕ, ನಾನು ಆನೆ. ಆನೆಗೆ ಬುದ್ಧಿ ಕಡಿಮೆ. ಬಾಗಿಲ ಬದಲು ಅಡುಗೆಮನೆಗೆ ಹೋಗುತ್ತದೆ, ಎಡಗಾಲಿನ ಚಪ್ಪಲಿಯನ್ನು ಬಲಗಾಲಿಗೆ ಹಾಕಿಕೊಳ್ಳುತ್ತದೆ. ಮಾವುತ ಬಂದು ತಿದ್ದುತ್ತಾಳೆ. ತಿದ್ದುವ ಭರದಲ್ಲಿ ತನ್ನ ಷೂ ತಾನೇ ಹಾಕಿಕೊಂಡಿರುತ್ತಾಳೆ, ಏಕೆಂದರೆ ಬರಿಗಾಲಿನ ಮಾವುತನ ಮಾತನ್ನು ಈ ಆನೆ ಕೇಳುವುದಿಲ್ಲ.

ಶಾಲೆಯ ಚೀಲ ಹೊರಲಾರೆ ಎಂಬ ತಕರಾರು ಬಂದಾಗ ದಸರಾ ಆನೆಗಳ ತಾಲೀಮೇ ದಾರಿ ತೋರಿಸಿತು. ಗಜಪಯಣದಲ್ಲಿ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಹೊರಟು ಬರುವ ಆನೆಗಳ ಮೇಲೆ ಮೊದಲ ದಿನವೇ ಅಂಬಾರಿ ಇಡುವುದಿಲ್ಲ. ತೂಕ ನೋಡುತ್ತಾರೆ, ಅರಮನೆಯಿಂದ ಬನ್ನಿಮಂಟಪದವರೆಗಿನ ಸುಮಾರು ಐದು ಕಿಲೋಮೀಟರ್ ದಾರಿಯಲ್ಲಿ ಬರಿಮೈಯಲ್ಲಿ ನಡೆಸುತ್ತಾರೆ, ಆಮೇಲೆ ಮರಳಿನ ಮೂಟೆ ಹೊರಿಸಿ ಭಾರ ಹೆಚ್ಚಿಸುತ್ತ ಹೋಗುತ್ತಾರೆ, ನಂತರ ಮರದ ಅಂಬಾರಿ. 750 ಕಿಲೋ ತೂಕದ ಚಿನ್ನದ ಅಂಬಾರಿ ಏರುವುದು ಜಂಬೂಸವಾರಿಯ ದಿನ. ಮನೆಯಲ್ಲೂ ಹಾಗೆಯೇ ಮಾಡಿದೆವು. ಮೊದಲ ಎರಡು ದಿನ ಖಾಲಿ ಚೀಲ. ಮೂರನೆಯ ದಿನ ಊಟದ ಡಬ್ಬಿ, ಆಮೇಲೆ ನೀರಿನ ಬಾಟಲಿ, ಕೊನೆಗೆ ಪುಸ್ತಕ. ಉಳಿದದ್ದು ಅಷ್ಟು ದಿನವೂ ನನ್ನ ಹೆಗಲ ಮೇಲೆ. ಈ ಆಟದಲ್ಲಿ ಮಾವುತ ಕೆಲಸ ಬಿಟ್ಟು ಅವಳು ಅಭಿಮನ್ಯುವಾದಳು. ಅಭಿಮನ್ಯು 2020ರಲ್ಲಿ ಅಂಬಾರಿ ಹೊರಲು ಶುರುಮಾಡಿದ ಆನೆ, ಅವಳ ಪಾಲಿಗೆ ಊರಿನ ಅತಿ ದೊಡ್ಡ ಮನುಷ್ಯ. ಚೀಲ ನಿಜಕ್ಕೂ ಭಾರವಾಗಿದ್ದರೆ ಮಾತ್ರ ಆಟ ಬದಿಗಿಟ್ಟು ಪುಸ್ತಕ ಕಡಿಮೆ ಮಾಡಿ. ಮಗುವಿನ ಬೆನ್ನು ಕಥೆಗೆ ಬಗ್ಗಬಾರದು.

ನಡುವೆ ಒಂದು: ಕುಕ್ಕರ್ ಕೂಗಿಗೆ ಹೆದರುವ ಮಗು

ಚಿಕ್ಕವನಿಗೆ ಕುಕ್ಕರ್ ಕೂಗಿದರೆ ಪ್ರಾಣವೇ ಹೋಗುತ್ತಿತ್ತು. ಮಿಕ್ಸಿಗೂ ಅಷ್ಟೆ. ಅವನು ಮಲಗಿದಾಗ ಅಡುಗೆ ಮುಗಿಸುವ ಕಸರತ್ತು ಎಷ್ಟು ದಿನ ನಡೆದೀತು? "ಏನೂ ಆಗಲ್ಲ ಕಣೋ" ಎಂದು ಎತ್ತಿಕೊಂಡು ಒಲೆಯ ಹತ್ತಿರ ಹೋದೆ, ಭಯ ಎರಡರಷ್ಟಾಯಿತು.

ದಸರೆಗೆ ಮುಂಚೆ ಆನೆ, ಕುದುರೆಗಳಿಗೆ ಕುಶಾಲತೋಪಿನ ತಾಲೀಮು ಕೊಡುತ್ತಾರೆ. ಜಂಬೂಸವಾರಿಯಂದು 21 ಸುತ್ತು ತೋಪು ಹಾರಿಸುವಾಗ ಅವು ಬೆದರಿ ಓಡಬಾರದು. ತೋಪು ಸಿಡಿಯುವಾಗ ಮಾವುತ ಕಿವಿಯ ಹಿಂದೆಯೇ ಕುಳಿತು ಸಮಾಧಾನ ಮಾಡುತ್ತಿರುತ್ತಾನೆ. ಹೊಸ ಆನೆಗಳು ಮೊದಲ ಸಲ ಬೆಚ್ಚುವುದೂ ಉಂಟು, ಅದಕ್ಕಾಗಿ ಯಾರೂ ಅವುಗಳನ್ನು ಹೇಡಿ ಎನ್ನುವುದಿಲ್ಲ. ಬರಬರುತ್ತ ಅಭ್ಯಾಸವಾಗುತ್ತದೆ.

ನಾವು ಮಾಡಿದ ಕ್ರಮ ಇದು. ಮೊದಲ ದಿನ ಕುಕ್ಕರ್ ಇಟ್ಟು, ನಾವು ಮೂವರೂ ಅಡುಗೆಮನೆಯಿಂದ ಅತಿ ದೂರದ ಕೋಣೆಯಲ್ಲಿ ನಿಂತೆವು. ಚಿಕ್ಕವನು ಆನೆಮರಿ, ಅಕ್ಕ ಅವನ ಮಾವುತ. ಆವಿ ಬರುವ ಸದ್ದು ಕೇಳಿದೊಡನೆ ನಾನು ದೊಡ್ಡ ದನಿಯಲ್ಲಿ "ತೋಪು ಸಿದ್ಧ!" ಎನ್ನಬೇಕು. ಇದು ಮುಖ್ಯ, ಏಕೆಂದರೆ ಮಗುವಿಗೆ ಸದ್ದಿಗಿಂತ ಅದು ಹೇಳದೆ ಬರುವುದೇ ದೊಡ್ಡ ಭಯ. ಕೂಗಿದಾಗ ಆನೆಮರಿ ಕಿವಿ ಬೀಸಬೇಕು, ಅಂದರೆ ಎರಡೂ ಕೈಯನ್ನು ಕಿವಿಯ ಮೇಲೆ ಇಟ್ಟು ಅಲ್ಲಾಡಿಸಬೇಕು. ಕಿವಿ ಮುಚ್ಚಿಕೊಳ್ಳುವುದಕ್ಕೆ ಇದರಿಂದ ಮರ್ಯಾದೆಯ ನೆಪ ಸಿಕ್ಕಿತು. ಒಂದು ಕೂಗಿಗೆ ಒಂದು ಎಣಿಕೆ. ಎರಡು ಮೂರು ದಿನಕ್ಕೊಮ್ಮೆ ಒಂದು ಬಾಗಿಲು ಹತ್ತಿರ ಬಂದೆವು. ನಡುವೆ ಒಂದು ದಿನ ಅತ್ತು ಹಿಂದಕ್ಕೆ ಓಡಿದ, ಮರುದಿನ ಮತ್ತೆ ದೂರದ ಕೋಣೆಯಿಂದ ಶುರು. ಮೂರು ವಾರದ ಹೊತ್ತಿಗೆ ಊಟದ ಕೋಣೆಯಲ್ಲಿ ನಿಂತು "ತೋಪು!" ಎಂದು ಅವನೇ ಕೂಗತೊಡಗಿದ. ಅಡುಗೆಮನೆಯ ಹೊಸ್ತಿಲಿಗೆ ನಮ್ಮ ತಾಲೀಮು ನಿಲ್ಲುತ್ತದೆ. ಭಯ ಹೋದರೂ ಕುಕ್ಕರಿನ ಬಿಸಿ ಹೋಗುವುದಿಲ್ಲವಲ್ಲ.

ನಾಲ್ಕನೆಯ ಹೆಜ್ಜೆ: ಪಾತ್ರ ಕಲ್ಪನೆಯದಿರಲಿ, ಕೆಲಸ ನಿಜದ್ದಿರಲಿ

ನನ್ನ ಅಮ್ಮ ಪಾಂಡವಪುರದ ಕಡೆಯ ಹಳ್ಳಿಯಿಂದ ಅವರೆಕಾಯಿ ಕಾಲದಲ್ಲಿ ಬರುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಅವರ ಚೀಲ ಬಿಚ್ಚಿದರೆ ಇಡೀ ಮನೆಗೆ ಸೊಗಡು ಹರಡುತ್ತದೆ. ಒಮ್ಮೆ ಮೊಮ್ಮಗಳ ಮುಂದೆ ನಾನು ಪ್ಲಾಸ್ಟಿಕ್ ತರಕಾರಿ, ಪ್ಲಾಸ್ಟಿಕ್ ಚಾಕು ಇಟ್ಟು "ನೀನೂ ಅಡುಗೆ ಮಾಡು" ಎಂದೆ. ಅವಳು ಎರಡು ನಿಮಿಷಕ್ಕೆ ಅದನ್ನು ತಳ್ಳಿ ಅಜ್ಜಿಯ ಮೊರದ ಹತ್ತಿರ ಹೋದಳು. ಅಮ್ಮ ನನ್ನನ್ನು ನೋಡಿ, "ಮಗುವಿಗೆ ಸುಳ್ಳು ಕೆಲಸ ಕೊಟ್ಟರೆ ಅದು ನಿನ್ನನ್ನೇ ಸುಳ್ಳು ಮಾಡುತ್ತದೆ" ಎಂದರು. ನೆನೆಸಿದ ಅವರೆಕಾಳಿನ ಬಟ್ಟಲನ್ನು ಅವಳ ಮುಂದಿಟ್ಟರು.

ಕಾಳು ಹಿದುಕುವುದಕ್ಕಿಂತ ಒಳ್ಳೆಯ ಆಟದ ಸಾಮಾನನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಹೆಬ್ಬೆರಳು, ತೋರುಬೆರಳಿನ ನಡುವೆ ಕಾಳು ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ, ಬೇಳೆ ಪುಳಕ್ಕನೆ ಹಾರಿ ಬಟ್ಟಲಿಗೆ. ಅಜ್ಜಿಯ ಕಾಳುಗಳು ಕಂಬಳಿ ಹೊದ್ದು ಮಲಗಿರುವ ಮಕ್ಕಳು, ಬೆಳಗಾಯಿತು, ಎಬ್ಬಿಸಬೇಕು. ಕೆಲವು ಬೇಗ ಏಳುತ್ತವೆ, ಕೆಲವು ಸೋಮಾರಿಗಳು, ಒಂದೊಂದು ಕಂಬಳಿ ಸಮೇತ ಗೋಡೆಗೆ ಹಾರುತ್ತವೆ. ಅವಳು ಒಂದು ಬಟ್ಟಲು ಹಿದುಕಲು ಮುಕ್ಕಾಲು ಗಂಟೆ ತೆಗೆದುಕೊಂಡಳು. ಅಷ್ಟರಲ್ಲಿ ಅಜ್ಜಿ ಮೂರು ಸೇರು ಮುಗಿಸಿದ್ದರು. ಆದರೆ ರಾತ್ರಿ ಹಿದುಕಿದ ಬೇಳೆ ಸಾರಿನಲ್ಲಿ ತನ್ನ ಕಾಳು ಯಾವುದೆಂದು ಅವಳು ಎಲ್ಲರ ತಟ್ಟೆಯಲ್ಲೂ ಹುಡುಕಿದಳು.

ಇಟಲಿಯ ಶಿಕ್ಷಣತಜ್ಞೆ ಮಾರಿಯಾ ಮಾಂಟೆಸ್ಸೊರಿ ಈ ವಿಷಯದಲ್ಲಿ ಅಮ್ಮನ ಪಕ್ಷದವರು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದ ವರ್ಷಗಳನ್ನೆಲ್ಲ ಭಾರತದಲ್ಲೇ ಕಳೆದು ಶಿಕ್ಷಕರಿಗೆ ತರಬೇತಿ ಕೊಟ್ಟವರು. ಚಿಕ್ಕ ಮಕ್ಕಳಿಗೆ ನಟನೆಯ ಸಾಮಾನಿಗಿಂತ ತಮ್ಮ ಕೈಗೆ ಹೊಂದುವ ನಿಜವಾದ ಪೊರಕೆ, ನಿಜವಾದ ಹೂಜಿ ಬೇಕು ಎನ್ನುವುದು ಅವರ ನಿಲುವು. ನನಗೆ ಅವರ ಪೊರಕೆಯೂ ಬೇಕು, ವೈಗೋಟ್‌ಸ್ಕಿಯ ನಂದಿಯೂ ಬೇಕು. ಕೈಗೆ ನಿಜದ ಸಾಮಾನು ಕೊಟ್ಟು, ತಲೆಗೆ ಕಲ್ಪನೆಯ ಪೇಟ ಕಟ್ಟಿದರೆ ಇಬ್ಬರಿಗೂ ಬೇಸರವಿಲ್ಲ.

ಅಡುಗೆಮನೆಯಲ್ಲಿ ಮಗುವಿಗೆ ಕೊಡಬಹುದಾದ ನಿಜವಾದ ಕೆಲಸಗಳಿಗೆ ಬರವಿಲ್ಲ: ಕೊತ್ತಂಬರಿ, ಕರಿಬೇವು ಬಿಡಿಸುವುದು, ಬೇಯಿಸಿ ಆರಿದ ಆಲೂಗಡ್ಡೆಯ ಸಿಪ್ಪೆ ಸುಲಿಯುವುದು, ಚಪಾತಿ ಹಿಟ್ಟಿನ ಉಂಡೆ ಕಟ್ಟುವುದು, ತಟ್ಟೆ ಇಡುವುದು. ನಾಲ್ಕು ವರ್ಷದೊಳಗಿನ ಮಕ್ಕಳ ಕೈಗೆ ಹಸಿ ಕಾಳು, ಕಡಲೆಕಾಯಿ ಬೀಜ ಕೊಡಬೇಡಿ. ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಮೂಗಿಗೂ ಹಾಕಿಕೊಳ್ಳುತ್ತಾರೆ. ನಮ್ಮ ಚಿಕ್ಕವನಿಗೆ ಆ ದಿನ ಸಿಕ್ಕಿದ್ದು ಖಾಲಿ ಸಿಪ್ಪೆಗಳನ್ನು ಬುಟ್ಟಿಗೆ ತುಂಬುವ ಕೆಲಸ. ನೀರಿನ ವಿಷಯದಲ್ಲಿ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಬಿಸಿನೀರು ಬೆರೆಸಿ ಹದ ನೋಡುವುದು ದೊಡ್ಡವರ ಇಲಾಖೆ. ತುಂಬಿದ ಬಕೆಟ್ಟಿನ ಹತ್ತಿರ ಚಿಕ್ಕ ಮಗುವನ್ನು ಬಿಟ್ಟು ಫೋನು ತೆಗೆದುಕೊಳ್ಳಲೂ ಹೋಗಬೇಡಿ. ಕೆಲವೇ ಅಂಗುಲ ನೀರಿನಲ್ಲಿ ಮಕ್ಕಳು ಮುಳುಗಿ ಜೀವ ಕಳೆದುಕೊಳ್ಳುತ್ತಾರೆ, ಅದೂ ಸದ್ದಿಲ್ಲದೆ. ಆಟ ಮುಗಿದ ಕೂಡಲೇ ಕನ್ನಂಬಾಡಿ ಖಾಲಿಯಾಗಲಿ.

ಊಟದಲ್ಲಿ ಮಾತ್ರ ನಾನು ಆಟ ತರುವುದಿಲ್ಲ. ತುತ್ತು ವಿಮಾನವಾಗಿ ಬಾಯಿಗಿಳಿದರೆ, ಹೊಟ್ಟೆ ತುಂಬಿದ್ದು ಮಗುವಿಗೆ ತಿಳಿಯುವುದೇ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಚಿಕ್ಕ ಮುದ್ದೆಯನ್ನು ತಾನೇ ಮುರಿದು, ಸಾರಿನಲ್ಲಿ ಅದ್ದಿ, ಮೂಗಿಗೆಲ್ಲ ಬಳಿದುಕೊಂಡು ತಿನ್ನಲಿ.

ಐದನೆಯ ಹೆಜ್ಜೆ: ಆಟಕ್ಕೆ ಒಂದು ಕೊನೆ ಇರಲಿ

ಕೊನೆ ಇಲ್ಲದ ಆಟ ಜಗಳದಲ್ಲಿ ಮುಗಿಯುತ್ತದೆ. ಬಾಗಿನದ ಹೂವು, ಬನ್ನಿಮಂಟಪ ತಲುಪುವುದು, ಕೊನೆಯ ಕಾಳು, ಹೀಗೆ ಮುಗಿಯುವ ಗುರುತನ್ನು ಶುರುವಿನಲ್ಲೇ ಹೇಳಿಬಿಡಿ.

ಆಟದ ಸಾಮಾನು ಎತ್ತಿಡಲು ಮೊದಲು ನಾನು ಪಂದ್ಯ ಇಟ್ಟಿದ್ದೆ, ಯಾರು ಬೇಗ ಎತ್ತಿಡುತ್ತೀರಿ ನೋಡೋಣ ಎಂದು. ಅಕ್ಕ ಗೆದ್ದಳು, ತಮ್ಮ ಅತ್ತ, ಅವನು ಎತ್ತಿಟ್ಟಿದ್ದನ್ನೆಲ್ಲ ಮತ್ತೆ ಚೆಲ್ಲಿದ. ಪಂದ್ಯಕ್ಕೂ ಕಲ್ಪನೆಗೂ ಸಂಬಂಧವಿಲ್ಲ ಎಂದು ಆಗ ತಿಳಿಯಿತು. ದಾರಿ ಸಿಕ್ಕಿದ್ದು ನವರಾತ್ರಿಯಲ್ಲಿ. ನಮ್ಮ ಕಡೆಯ ಮನೆಗಳಲ್ಲಿ ಪಟ್ಟದ ಗೊಂಬೆ ಕೂರಿಸುತ್ತಾರಲ್ಲ, ಹಬ್ಬ ಮುಗಿದ ರಾತ್ರಿ ಅವುಗಳನ್ನು ಮಲಗಿಸುತ್ತಾರೆ. ಆಮೇಲೆ ಬಟ್ಟೆ ಸುತ್ತಿ ಪೆಟ್ಟಿಗೆಗೆ. ಅಜ್ಜಿ ರಾಜ ರಾಣಿಯರನ್ನು ಮೆಲ್ಲಗೆ ಮಲಗಿಸುವುದನ್ನು ಮಗಳು ಉಸಿರು ಬಿಗಿಹಿಡಿದು ನೋಡಿದಳು. ಮರುದಿನದಿಂದ ನಮ್ಮ ಪ್ಲಾಸ್ಟಿಕ್ ಜೀಪಿಗೂ ಕಿವಿ ಹರಿದ ಕರಡಿಗೂ ಅದೇ ಮರ್ಯಾದೆ.

ಮಾಡುವ ವಿಧಾನ ಇಷ್ಟೆ. ಒಂದು ರಟ್ಟಿನ ಪೆಟ್ಟಿಗೆ, ಹಳೆಯ ಪಂಚೆಯ ನಾಲ್ಕಾರು ತುಂಡು. ಊಟವಾದ ಮೇಲೆ ಒಂದೊಂದನ್ನೇ ತಂದು, ಹೊದಿಸಿ, ಮಲಗಿಸುವುದು. ಎಲ್ಲರೂ ಪಿಸುದನಿಯಲ್ಲೇ ಮಾತನಾಡಬೇಕು, ಮಲಗಿದವು ಏಳಬಾರದು. ಸಾಮಾನು ಐವತ್ತು ಇದ್ದರೆ ಇದು ನಡೆಯುವುದಿಲ್ಲ. ಹತ್ತು ಹನ್ನೆರಡನ್ನು ಹೊರಗಿಟ್ಟು ಉಳಿದದ್ದನ್ನು ಅಟ್ಟಕ್ಕೆ ಹಾಕಿ, ತಿಂಗಳಿಗೊಮ್ಮೆ ಬದಲಾಯಿಸಿ. ಪಿಸುದನಿಯ ಲಾಭವೆಂದರೆ, ಗೊಂಬೆಗಳ ಜೊತೆ ಮಕ್ಕಳಿಗೂ ಅರ್ಧ ನಿದ್ದೆ ಬಂದಿರುತ್ತದೆ.

ಕೊನೆಗೆ ದೀಪ. ಭಾನುವಾರ ಸಂಜೆ ಅರಮನೆಯ ಲಕ್ಷದ ಹತ್ತಿರದ ಬಲ್ಬುಗಳು ಒಮ್ಮೆಲೆ ಹೊತ್ತಿ, ಒಮ್ಮೆಲೆ ಆರುವುದನ್ನು ನೋಡಿದ ಮಗುವಿಗೆ ಮನೆಯ ಐದು ಸ್ವಿಚ್ಚುಗಳ ಅಧಿಕಾರ ಕೊಡಿ. ನಮ್ಮಲ್ಲಿ ಇದು ಚಿಕ್ಕವನ ಖಾತೆ. ಎತ್ತಿ ಹಿಡಿಯಬೇಕಾದವನು ನಾನು.

ವಯಸ್ಸಿಗೆ ತಕ್ಕಂತೆ

ಒಂದೂವರೆ, ಎರಡು ವರ್ಷದ ಮಗುವಿಗೆ ಕಥೆ ಬೇಡ. ಖಾಲಿ ಲೋಟದಿಂದ ಕಾಫಿ ಕುಡಿದಂತೆ, ಚಮಚವನ್ನು ಫೋನಿನಂತೆ ಕಿವಿಗಿಟ್ಟಂತೆ ಮಾಡುತ್ತಿದ್ದರೆ ಕಲ್ಪನೆ ಚಿಗುರಿದೆ ಎಂದರ್ಥ. ಒಂದು ಒದ್ದೆ ಬಟ್ಟೆ ಕೊಟ್ಟು ನೆಲ ಒರೆಸಲು ಬಿಡಿ. ಮೂರು ನಾಲ್ಕಕ್ಕೆ ಪಾತ್ರ ಬೇಕಾಗುತ್ತದೆ. ಐದು ಆರಕ್ಕೆ ನಿಯಮ, ಅಂಕಿ, ಬರಹ. ಕಟ್ಟೆಯ ಮಟ್ಟವನ್ನು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸುವ ಆಸೆ ಆಗ ತಾನಾಗಿ ಬರುತ್ತದೆ. ಸಂತೆಗೆ, ದೇವರಾಜ ಮಾರುಕಟ್ಟೆಗೆ ಕರೆದೊಯ್ದು ಆಡಿಸುವ ಯೋಚನೆಯಿದ್ದರೆ ಆ ವಯಸ್ಸಿನವರೆಗೆ ತಡೆಯಿರಿ. ಅಲ್ಲಿಯವರೆಗೆ ಬೀದಿಗೆ ಬರುವ ತಳ್ಳುಗಾಡಿಯೇ ಮಾರುಕಟ್ಟೆ.

ಮಾಡಬಾರದ ಕೆಲವು

ನಮ್ಮ ಹಿರಿಯರಿಗೂ ಕಲ್ಪನೆಯಿಂದ ಕೆಲಸ ಮಾಡಿಸುವ ವಿದ್ಯೆ ಗೊತ್ತಿತ್ತು. ಗುಮ್ಮ ಬರುತ್ತಾನೆ, ಪೊಲೀಸ್ ಹಿಡಿಯುತ್ತಾನೆ, ಡಾಕ್ಟರು ಸೂಜಿ ಚುಚ್ಚುತ್ತಾರೆ. ಕೆಲಸವೇನೋ ಆಗುತ್ತದೆ, ಆದರೆ ನಿಜವಾಗಿಯೂ ಸೂಜಿ ಹಾಕಿಸುವ ದಿನ ಆ ಸಾಲ ಬಡ್ಡಿ ಸಮೇತ ತೀರಿಸಬೇಕಾಗುತ್ತದೆ. ಗುಮ್ಮನನ್ನು ಕೆಲಸದಿಂದ ತೆಗೆದುಹಾಕಿ.

ಸೋಗು ಬೇರೆ, ಮೋಸ ಬೇರೆ. "ಕೆಳಗೆ ನಿಜವಾದ ಆನೆ ಬಂದಿದೆ, ಬೇಗ ಬಾ" ಎಂದು ಒಮ್ಮೆ ಹೇಳಿ ಕರೆತಂದೆ. ಆನೆ ಇರಲಿಲ್ಲ. ಅಂದು ಸಂಜೆಯವರೆಗೂ ಮಗಳು ನನ್ನೊಡನೆ ಮಾತನಾಡಲಿಲ್ಲ. ಆಟವೆಂದು ಇಬ್ಬರಿಗೂ ಗೊತ್ತಿರಬೇಕು.

ಜ್ವರ, ಹಸಿವು, ನಿದ್ದೆಗೇಡು ಇದ್ದಾಗ ಯಾವ ಕನ್ನಂಬಾಡಿಯೂ ತುಂಬುವುದಿಲ್ಲ. ರೈಲು ತಪ್ಪುವ ಹೊತ್ತಿನಲ್ಲಿ ಎತ್ತಿಕೊಂಡು ಓಡಿ, ಅದರಲ್ಲಿ ತಪ್ಪಿಲ್ಲ. ಮಗು "ಬೇಡ" ಎಂದರೆ ಬಿಟ್ಟುಬಿಡಿ. ಒತ್ತಾಯದ ಆಟ ಕೆಲಸಕ್ಕಿಂತ ಕಷ್ಟ. ಇನ್ನು ಫೋನು ತೆಗೆದು ಚಿತ್ರೀಕರಿಸಲು ಹೋದರೆ ನಂದಿ ಕೂಡಲೇ ಎದ್ದು ನಟಿಯಾಗುತ್ತಾಳೆ. ಇದನ್ನೂ ಮಾಡಿ ನೋಡಿದ್ದೇನೆ.

ಆಟ ಹಳಸಿದಾಗ

ಬಕೆಟ್ಟಿನ ಆಟ ನಮ್ಮಲ್ಲಿ ಮೂರನೆಯ ವಾರಕ್ಕೆ ಸಪ್ಪೆಯಾಯಿತು. "124 ಆಯ್ತು, ಗೇಟು ತೆರೆದೆ" ಎಂದು ಬೇಸರದಿಂದ ಹೇಳಿ, ಅರ್ಧ ಚೊಂಬು ಸುರಿದು ಹೊರಗೆ ಬಂದಳು. ಹೊಸ ಕಥೆ ಹುಡುಕಲು ನಾನು ತಲೆ ಕೆಡಿಸಿಕೊಳ್ಳುತ್ತಿದ್ದೆ, ಅದರ ಅಗತ್ಯವಿರಲಿಲ್ಲ. ಎರಡು ದಿನ ಸುಮ್ಮನಿದ್ದು ನೋಡಿ, ಮಗುವೇ ತಿರುವು ಕೊಡುತ್ತದೆ.

ಆ ಭಾನುವಾರ ರಂಗನತಿಟ್ಟಿಗೆ ಹೋಗಿದ್ದೆವು. 1940ರಲ್ಲಿ ಪಕ್ಷಿಧಾಮವೆಂದು ಘೋಷಣೆಯಾದ ಜಾಗ, ಕಟ್ಟೆಯಿಂದ ಬಿಟ್ಟ ನೀರು ಅಲ್ಲಿನ ನಡುಗಡ್ಡೆಗಳನ್ನು ದಾಟಿಕೊಂಡೇ ಹೋಗಬೇಕು. ಹೊರಹರಿವು ಹೆಚ್ಚಾಗಿದ್ದರಿಂದ ದೋಣಿ ನಿಲ್ಲಿಸಿದ್ದರು. ದಡದಲ್ಲಿ ನಿಂತು, ಮುಳುಗಿದ ಪೊದೆಗಳನ್ನು ತೋರಿಸಿ ಮಗಳು ಕೇಳಿದಳು: "ಗೂಡಿನಲ್ಲಿ ಮರಿ ಇದ್ದರೆ?" ನೀರು ಜಾಸ್ತಿಯಾದರೆ ತಗ್ಗಿನ ಗೂಡುಗಳು ಕೊಚ್ಚಿಹೋಗುತ್ತವೆ ಎಂದು ಇದ್ದದ್ದನ್ನೇ ಹೇಳಿದೆ. ವಾಪಸು ಬರುವಾಗ ದಾರಿಯುದ್ದಕ್ಕೂ ಮಾತಿಲ್ಲ.

ಮರುದಿನ ಬೆಳಿಗ್ಗೆ ಸೋಪಿನ ಡಬ್ಬಿಯ ಮುಚ್ಚಳ, ಎರಡು ಬಟ್ಟೆ ಕ್ಲಿಪ್ಪು, ತಮ್ಮನ ರಬ್ಬರ್ ಬಾತುಕೋಳಿ ಬಚ್ಚಲಿನ ನೆಲಕ್ಕೆ ಬಂದವು. ಅವು ನಡುಗಡ್ಡೆ, ಕೊಕ್ಕರೆ, ಮರಿ. ಈಗ ಗೇಟನ್ನು ದಡಬಡ ತೆರೆಯುವಂತಿಲ್ಲ. ಚೊಂಬನ್ನು ಹೆಗಲಿಗೆ ಆನಿಸಿ, ನೀರು ಬೆನ್ನ ಮೇಲೆ ತೆಳ್ಳಗೆ ಇಳಿಯುವಂತೆ ಬಿಡುತ್ತಾಳೆ, ಪ್ರತಿ ಸಲವೂ ಬಗ್ಗಿ ಕ್ಲಿಪ್ಪುಗಳನ್ನು ನೋಡುತ್ತಾಳೆ. ಸ್ನಾನಕ್ಕೆ ಮೊದಲಿಗಿಂತ ಐದು ನಿಮಿಷ ಹೆಚ್ಚು ಹಿಡಿಯುತ್ತದೆ. ನಾನು ಅಲಾರಂ ಹಿಂದಕ್ಕೆ ತಿರುಗಿಸಿಕೊಂಡಿದ್ದೇನೆ.